ಲ್ಯಾಬ್ ಇರುವ ಕೆಮಿಸ್ಟ್ರಿ

ಮಧುಗಿರಿಗೆ ಬಂದ ಮೊದಲ ವಾರವೇ, ನನ್ನ ಮೇಜಿನ ಮುಂದೆ, ಮುಖಕ್ಕೆ ಟವೆಲು ಸುತ್ತಿಕೊಂಡಿದ್ದ ಅಣ್ಣನೊಬ್ಬ ತಂಗಿಯ ಕೆನ್ನೆಗೆ ಬಾರಿಸಿದ. ಆ ಏಟಿಗೆ ಹುಡುಗಿಯ ಓಲೆ ಕಳಚಿ ನನ್ನ ಟೀ ಲೋಟದ ಪಕ್ಕ ಬಿತ್ತು. ಹುಡುಗಿ ಅಳಲಿಲ್ಲ, ಓಲೆ ಎತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡಳು. ನಮ್ಮ ಅಂಕೋಲೆಯಲ್ಲಿ ಜಗಳವೆಂದರೆ ಮೊದಲು ಗಂಟೆಗಟ್ಟಲೆ ಮಾತು, ಕೈ ಏನಿದ್ದರೂ ಆಮೇಲೆ. ಇಲ್ಲಿ ಮಾತಿಗೂ ಮೊದಲೇ ಕೈ ಬಂದಿತ್ತು.

ನಾನು ಇಲ್ಲಿಗೆ ಬಂದದ್ದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ. ಬಾಡಿಗೆಗೆ ಸಿಕ್ಕಿದ್ದು ಲಿಂಗವಂತರ ಮನೆಯೊಂದರ ಮಹಡಿ. ಮನೆಯೊಡತಿ ರುದ್ರಮ್ಮನವರು ಕೀಲಿ ಕೊಡುವಾಗ ಹಾಕಿದ ಷರತ್ತು ಒಂದೇ, ಮೀನು ಮೆಟ್ಟಿಲು ಹತ್ತಬಾರದು. ತಡೆಯಲಾಗದ ಭಾನುವಾರಗಳಲ್ಲಿ ಶಿರಾದ ಬಸ್ಸು ಹತ್ತುತ್ತೇನೆ. ಅಲ್ಲಿ ಮದಲೂರು ಕೆರೆಯ ಮೀನು ಹುರಿದು ಕೊಡುವ ಸಣ್ಣ ಹೋಟೆಲೊಂದಿದೆ. ಕಡಲ ಮೀನು ತಿಂದ ನಾಲಿಗೆಗೆ ಅದು ಸಪ್ಪೆ, ಆದರೂ ತಿನ್ನುತ್ತೇನೆ. ನಮ್ಮಲ್ಲಿ ಬಿಸಿಲು ಬೆವರಿಳಿಸುತ್ತದೆ, ಇಲ್ಲಿಯದು ಹೊಡೆಯುತ್ತದೆ. ಸಂಜೆಯಾದರೂ ಬೆಟ್ಟದ ಬಂಡೆ ಕಾದ ಹಂಚಿನಂತೆ ಊರಿನ ಮೇಲೆ ಶಾಖ ಉಗುಳುತ್ತಿರುತ್ತದೆ. ನನ್ನ 'ಎಂತ'ಕ್ಕೆ ಕಾಲೇಜಿನ ಮಕ್ಕಳು ನಕ್ಕರು. ಅವರ 'ಬುಡಿ ಮೇಡಮ್' ಎಂದರೆ 'ಬಿಡಿ' ಎಂದು ತಿಳಿಯುವವರೆಗೆ ನಾನು ಪೆಚ್ಚಾಗಿ ನಿಲ್ಲುತ್ತಿದ್ದೆ.

ಏಟು ತಿಂದ ಹುಡುಗಿಯ ಹೆಸರು ಭವ್ಯ. ಐ.ಡಿ.ಹಳ್ಳಿಯಿಂದಾಚೆ ಒಂದು ಹಟ್ಟಿಯವಳು. ಹಟ್ಟಿ ಎಂದರೆ ಕುರಿ ಸಾಕುವವರ ಪುಟ್ಟ ಕೇರಿ. ಮೊದಲ ವರ್ಷದವರು ಯಾವ ವಿಷಯ ಆರಿಸಿಕೊಳ್ಳಬೇಕೆಂದು ಹೇಳಿಕೊಡುವ ಕೆಲಸ ಆ ವಾರ ನನ್ನದಾಗಿತ್ತು. ಕೆಮಿಸ್ಟ್ರಿಗೆ ಎರಡು ದಾರಿ. ಒಂದು, ಬಿ.ಎ.ಯವರೂ ಓದಬಹುದಾದ 'ದಿನಬಳಕೆಯ ರಸಾಯನಶಾಸ್ತ್ರ': ಸೋಪು, ಔಷಧಿ, ಅಡುಗೆ ಸೋಡಾದ ವಿಚಾರ. ಲ್ಯಾಬ್ ಇಲ್ಲ, ಮಧ್ಯಾಹ್ನವೇ ಮನೆಗೆ ಹೋಗಬಹುದು. ಇನ್ನೊಂದು, ಬಿ.ಎಸ್ಸಿ.ಯ ಪೂರಾ ಕೆಮಿಸ್ಟ್ರಿ. ವಾರದಲ್ಲಿ ಎರಡು ದಿನ ಸಂಜೆಯವರೆಗೆ ಲ್ಯಾಬ್. ಮುಂದೆ ಅದೇ ವಿಷಯ ಓದಬೇಕೆಂದರೆ ಇದೇ ಆಗಬೇಕು. ಅಣ್ಣ ಈರಣ್ಣ ಮೊದಲನೆಯದನ್ನು ಬರೆಸು ಎಂದಿದ್ದ. ಇವಳು ಎರಡನೆಯದು ಎಂದಳು. ಏಟು ಬಿತ್ತು.

ಮಾರನೆಯ ದಿನ ಭವ್ಯ ಒಬ್ಬಳೇ ಬಂದಳು. ಯಾಕಿಷ್ಟು ಹಟ ಎಂದು ಕೇಳಿದೆ. ಅವರ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆಯಂತೆ. ಹಟ್ಟಿಯ ಮಕ್ಕಳ ಹಲ್ಲು ಕಂದು ಬಣ್ಣ. ಇನ್ನೂ ಮುದುಕಿಯಾಗದ ಅವ್ವನ ಮಂಡಿಗಳು ಮಡಚುವುದಿಲ್ಲ.

"ನೀರಾಗೆ ಏನೈತೆ ಅಂತ ನಾನೇ ನೋಡ್ಬೇಕು ಮೇಡಮ್. ಸೋಪಿನ ಕತೆ ಕಟ್ಕೊಂಡು ನಂಗೇನು?" ಅಂದಳು.

ಸಹಿಗೆ ಅವ್ವನನ್ನು ಕರೆದುಕೊಂಡು ಬಾ ಎಂದೆ.

ಅವ್ವ ಸಣ್ಣಮ್ಮ ಕೋಲೂರಿಕೊಂಡು ಲ್ಯಾಬಿಗೇ ಬಂದಳು. ಹಿಂದೆಯೇ ಈರಣ್ಣ. ಅವನು ಬಂದವನೇ ಮೇಜಿನ ಮೇಲೆ ತೊಳೆದಿಟ್ಟಿದ್ದ ಗಾಜಿನ ಸಾಮಾನನ್ನೆಲ್ಲ ತೋಳಿನಿಂದ ಬಳಿದು ನೆಲಕ್ಕೆ ಕೆಡವಿದ. ಚೂರೊಂದು ಹಾರಿ ನನ್ನ ಮುಂಗೈ ಸೀಳಿತು. ತಡೆಯಲು ಹೋದ ಅಟೆಂಡರ್‌ನನ್ನು ಗೋಡೆಗೆ ಅಪ್ಪಳಿಸಿದ. ಆ ನೂಕಾಟದಲ್ಲಿ ಅವನ ಮುಖದ ಟವೆಲು ಜಾರಿತು. ಎಡಗೆನ್ನೆಯೇ ಇರಲಿಲ್ಲ. ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಎಳೆದು ಹೊಲಿದ ಚರ್ಮ. ತುಟಿ ಒಂದು ಮಗ್ಗುಲಿಗೆ ಸೊಟ್ಟಗಾಗಿತ್ತು.

ಸಣ್ಣಮ್ಮ ಕೋಲೆತ್ತಿ ಮಗನ ಮೊಣಕಾಲಿಗೆ ಬೀಸಿದಳು. ಅವನು ಗಾಜಿನ ಚೂರುಗಳ ಮೇಲೆಯೇ ಕುಸಿದ. ಮತ್ತೆ ಬೆನ್ನಿಗೆ ಬಿಟ್ಟಳು. ಅವನು ಕೈ ಅಡ್ಡ ತರಲಿಲ್ಲ.

"ಎಲುಗುಬಂಟಿ ಹಿಡ್ದಿದ್ದು ನಿನ್ನ ಕಣ್ಲಾ, ಅವಳ್ನಲ್ಲ," ಅಂದಳು. ಆಮೇಲೆ ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿ, "ಬರ್ಕೊ ತಾಯಿ. ಲ್ಯಾಬು ಐತಲ್ಲ, ಅದ್ನೇ ಬರ್ಕೊ," ಅಂದಳು.

ಎಲುಗುಬಂಟಿ ಎಂದರೆ ತೆಲುಗಿನಲ್ಲಿ ಕರಡಿ. ಐ.ಡಿ.ಹಳ್ಳಿ, ಪಾವಗಡದ ಕಡೆಯವರ ಬಾಯಲ್ಲಿ ಎರಡು ಭಾಷೆಗಳೂ ಬೆರೆತೇ ಬರುತ್ತವೆ. ಉಳಿದದ್ದನ್ನು ಭವ್ಯ ಹೇಳಿದಳು. ಹಿಂದಿನ ವರ್ಷ, ಮುಸ್ಸಂಜೆ, ಬಸ್ಸಿಳಿದು ಹಟ್ಟಿಗೆ ಹೋಗುವ ಕಾಲುದಾರಿಯಲ್ಲಿ ಕರಡಿ ಅವನನ್ನು ಕೆಡವಿತ್ತು. ಲ್ಯಾಬ್ ಮುಗಿಸಿ ಹೊರಟರೆ ಇವಳು ಅಲ್ಲಿ ಇಳಿಯುವುದೂ ಅದೇ ಹೊತ್ತಿಗೆ. ಅದನ್ನು ಬಾಯಿಬಿಟ್ಟು ಹೇಳಲು ಅವನಿಂದ ಆಗಿರಲಿಲ್ಲ.

ತರಗತಿಗಳು ಶುರುವಾದವು. ಲ್ಯಾಬಿನ ದಿನಗಳಲ್ಲಿ ಈರಣ್ಣ ಕೊಡಲಿ ಹಿಡಿದು ಬಸ್ಸಿನ ದಾರಿ ಕಾಯುತ್ತಿದ್ದನಂತೆ. ತಂಗಿಯ ಮುಂದೆ ಮುಂದೆ ನಡೆಯುತ್ತಿದ್ದ, ಅಷ್ಟೆ. ದೀಪಾವಳಿಗೆ ಮುಂಚೆ ಸಣ್ಣಮ್ಮ ನನ್ನನ್ನೂ ಊಟಕ್ಕೆ ಬರಹೇಳಿದಳು. ಅಗಿಯದೆ ಮುದ್ದೆ ನುಂಗುವುದನ್ನು ಅಷ್ಟರಲ್ಲಿ ಕಲಿತಿದ್ದೆನಾದ್ದರಿಂದ, ಲ್ಯಾಬ್ ಮುಗಿಸಿ ಭವ್ಯಳ ಜೊತೆ ಹೆಮ್ಮೆಯಿಂದಲೇ ಹೊರಟೆ.

ಬಸ್ಸಿಳಿದಾಗ ಮುಸ್ಸಂಜೆ, ಕೊಡಲಿ ಹಿಡಿದ ಈರಣ್ಣ ಮುಂದೆ, ನಾವಿಬ್ಬರು ಹಿಂದೆ. ಬಂಡೆಗಳ ನಡುವಿನ ದಾರಿ. ಎರಡೂ ಕಡೆ ಸೀತಾಫಲದ ಪೊದೆಗಳು. ಬಂಡೆಯ ತುಂಡೊಂದು ಎದ್ದು ಓಡಿಬಂದ ಹಾಗೆ ಕರಡಿ ಬಂತು. ಈರಣ್ಣ ನಮ್ಮಿಬ್ಬರನ್ನೂ ಹಿಂದಕ್ಕೆ ನೂಕಿ ಕೊಡಲಿ ಬೀಸಿದ. ಅದು ಕರಡಿಯ ಭುಜದ ಮೇಲೆ ಜಾರಿತು. ಕರಡಿ ಎರಡು ಕಾಲ ಮೇಲೆ ನಿಂತು ಅವನ ಮೇಲೆ ಬಿತ್ತು. ಮುಖಕ್ಕೆ ಅಡ್ಡ ಹಿಡಿದ ತೋಳನ್ನು ಕಚ್ಚಿ ಜಗ್ಗಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಭವ್ಯ ಹತ್ತಿರಕ್ಕೇ ನುಗ್ಗಿ, ಎರಡು ಕೈಯಲ್ಲೂ ಕಲ್ಲೆತ್ತಿ ಅದರ ಮೂತಿಗೆ ಜಜ್ಜಿದಳು. ನಾನೂ ಕಲ್ಲು ಎಸೆದೆ. ಒಂದು ಈರಣ್ಣನಿಗೇ ತಗುಲಿತು. ಹಟ್ಟಿಯ ನಾಯಿಗಳು ಬೊಗಳುತ್ತಾ ಬಂದ ಮೇಲೆ ಅದು ಅವನನ್ನು ಬಿಟ್ಟು ಪೊದೆಯೊಳಗೆ ಹೋಯಿತು. ಭವ್ಯಳ ಕೈಯಲ್ಲಿ ಕಲ್ಲು ಹಾಗೆಯೇ ಇತ್ತು.

ಗೂಡ್ಸ್ ಆಟೊದಲ್ಲಿ ಮಧುಗಿರಿಯ ಆಸ್ಪತ್ರೆಗೆ ತಂದೆವು. ನಾಳೆಯೇ ಸೋಪಿನ ಕೆಮಿಸ್ಟ್ರಿಗೆ ಬದಲಾಯಿಸಿಕೊಳ್ಳುತ್ತೇನೆಂದು ಭವ್ಯ ದಾರಿಯುದ್ದಕ್ಕೂ ಹೇಳುತ್ತಿದ್ದಳು. ಮುರಿದ ತೋಳಿಗೆ ಕಟ್ಟು ಹಾಕಿ ಮಲಗಿಸಿದ ಮೇಲೆ ಈರಣ್ಣ ಮೊದಲ ಬಾರಿಗೆ ನನ್ನೊಡನೆ ಮಾತಾಡಿದ.

"ಅವ್ಳು ಬದ್ಲಾಯಿಸಾದು ಬ್ಯಾಡ ಮೇಡಮ್. ಊರಿಗೆ ಬರಾದು ಬ್ಯಾಡ. ಇಲ್ಲೇ ಎಲ್ಲಾದ್ರೂ ಇರ್ಲಿ."

"ಅವ್ವನ್ನ ಯಾರು ನೋಡ್ಕಂತಾರೆ?" ಭವ್ಯ ಕೇಳಿದಳು.

"ಇನ್ನೊಂದು ಕೈ ಐತೆ ಬುಡು," ಅಂದ.

ಈಗ ಭವ್ಯ ನನ್ನ ಜೊತೆ ಇದ್ದಾಳೆ. ರುದ್ರಮ್ಮನವರು ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದು, ಆಮೇಲೆ ಇನ್ನೊಂದು ಚಾಪೆ ಕಳಿಸಿದರು. ತರಗತಿ ಮುಗಿದ ಮೇಲೆ ನಾವಿಬ್ಬರೂ ಹಟ್ಟಿಯ ನೀರು ಪರೀಕ್ಷಿಸಿದೆವು, ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ಅಂದಿನಿಂದ ಅವಳು ಊರಿಗೆ ಹೋದರೂ ಅಲ್ಲಿಯ ನೀರು ಕುಡಿಯುವುದಿಲ್ಲ. ಇಲ್ಲಿಂದಲೇ ಬಾಟಲಿ ಒಯ್ಯುತ್ತಾಳೆ. ತನ್ನ ಮನೆಗೇ ನೆಂಟಳ ಹಾಗೆ ಬರುತ್ತಾಳೆಂದು ಅವ್ವ ಮುನಿಸಿಕೊಳ್ಳುತ್ತಾಳಂತೆ.

ಸೆಮಿಸ್ಟರ್ ರಜೆಯಲ್ಲಿ ನಾನು ಅಂಕೋಲೆಗೆ ಹೋಗಿದ್ದೆ. ಸಂಜೆ ಎಲ್ಲರೂ ಕಡಲ ಕಡೆ ಹೊರಟೆವು. ಗಾಳಿಮರಗಳ ತೋಪಿನಲ್ಲಿ ಏನೋ ಕಪ್ಪಗೆ ಅಲುಗಿತು. ಪಕ್ಕದಲ್ಲಿದ್ದ ನನ್ನ ಅಣ್ಣನ ಮಗಳ ಕೈಯನ್ನು ನಾನು ಎಷ್ಟು ಜೋರಾಗಿ ಹಿಡಿದು ಎಳೆದೆನೆಂದರೆ ಮಗು ಮರಳಿಗೆ ಬಿದ್ದು ಚೀರಿತು. ತೋಪಿನಿಂದ ಹೊರಬಂದದ್ದು ಯಾರದೋ ಎಮ್ಮೆ.

"ಹಾಂಗೆ ಎಂತಕ್ಕೆ ಎಳ್ದೆ? ಇಲ್ಲೆಂತ ಉಂಟು?" ಎಂದು ಅಮ್ಮ ಮಗುವನ್ನು ನನ್ನಿಂದ ಬಿಡಿಸಿಕೊಂಡಳು.

ಏನೂ ಇಲ್ಲ ಎಂದೆ. ಸೂರ್ಯ ಮುಳುಗುತ್ತಿದ್ದ. ಮನೆಯವರೆಲ್ಲ ಅತ್ತ ಮುಖ ಮಾಡಿ ನಿಂತರು. ನಾನೊಬ್ಬಳೇ ಕಡಲಿಗೆ ಬೆನ್ನು ಹಾಕಿ ಮರಗಳನ್ನು ನೋಡುತ್ತಿದ್ದೆ.