ಹೋಳಿಗೆ ಬೇಡವೆಂದ ರಾಯರು, ಮೇಲ್ ಬೇಡವೆಂದ ಸರ್ವರ್

2023ರಲ್ಲಿ ನಾನು ಇಂಗ್ಲೆಂಡಿನ ವಾರಿಂಗ್ಟನ್ ಪಕ್ಕದ ಬರ್ಚ್‌ವುಡ್‌ನ ಒಂದು ಕಚೇರಿಯಲ್ಲಿ ಹಿರಿಯ ನೆಟ್‌ವರ್ಕ್ ಎಂಜಿನಿಯರ್ ಆಗಿದ್ದೆ. ಅದು ಸಂಬಳದ ಕೆಲಸ. ಸಂಬಳವಿಲ್ಲದ, ಆದರೆ ಬೈಗುಳ ಧಾರಾಳವಾಗಿ ಸಿಗುತ್ತಿದ್ದ ಇನ್ನೊಂದು ಹುದ್ದೆಯೂ ನನಗಿತ್ತು: ನಮ್ಮ ಕನ್ನಡ ಬಳಗದ ಪೋಸ್ಟ್‌ಮಾಸ್ಟರ್. ಬಳಗದ ಇಮೇಲ್‌ಗಾಗಿ ಯಾವ ಕಂಪನಿಯ ಮುಂದೆಯೂ ನಿಲ್ಲದೆ, ನಮ್ಮ ಮನೆಯ ಮೆಟ್ಟಿಲ ಕೆಳಗೇ ಒಂದು ಮೇಲ್ ಸರ್ವರ್ ಇಟ್ಟಿದ್ದೆ. ಅದು ಮಧ್ಯವರ್ತಿಗಳಿಲ್ಲದೆ ನೇರವಾಗಿ ಎದುರಿನವರ ಸರ್ವರ್‌ಗೆ ಪತ್ರ ಮುಟ್ಟಿಸುತ್ತಿತ್ತು. ನನ್ನ ಹೆಂಡತಿ ವಸಂತಾ ಅದನ್ನು ತನ್ನ ಸವತಿ ಎಂದೇ ಕರೆಯುತ್ತಿದ್ದಳು.

ಆ ಆಗಸ್ಟ್‌ನಲ್ಲಿ ಬಳಗದ ಮೊದಲ ನಾಟಕದ ತಾಲೀಮು ಜೋರಾಗಿತ್ತು. ಬರೆದು ಆಡಿಸುತ್ತಿದ್ದವರು ಡಾ. ಸುಧಾ, ಮ್ಯಾಕಲ್ಸ್‌ಫೀಲ್ಡ್‌ನ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು, ಧಾರವಾಡದವರು. ಪಾತ್ರಧಾರಿಗಳಲ್ಲಿ ಅರ್ಧಕ್ಕರ್ಧ ಆಸ್ಪತ್ರೆಯವರು. ಎಲ್ಲರ ಪಾಳಿಯ ರೋಟಾ ಹೊಂದಿಸಿ ಸಿಕ್ಕಿದ್ದು ಸೆಪ್ಟೆಂಬರ್‌ನ ಒಂದೇ ಒಂದು ಶನಿವಾರ. ಹಾಲ್ ಕೂಡ ಸಿಕ್ಕಿತ್ತು, ಆದರೆ ಮಂಗಳವಾರ ಮಧ್ಯಾಹ್ನದೊಳಗೆ ಇಮೇಲ್‌ನಲ್ಲಿ ಖಾತ್ರಿ ಮಾಡಬೇಕಿತ್ತು. ತಪ್ಪಿದರೆ ಕಾದು ಕುಳಿತಿದ್ದ ಲೈನ್ ಡ್ಯಾನ್ಸಿಂಗ್ ಗುಂಪಿಗೆ ಹೋಗುತ್ತಿತ್ತು.

ನಮ್ಮ ಖಾತ್ರಿ ಪತ್ರ ಹೋಗಲೇ ಇಲ್ಲ. ಫೋನ್ ಮಾಡಿದರೆ ಬುಕಿಂಗ್ ನೋಡುವ ಲಿಂಡಾ, "ಇಮೇಲ್ ಬರದೆ ನಾನು ಏನೂ ಮಾಡೋಕಾಗಲ್ಲ, ಲವ್," ಎಂದು ಅಲ್ಲಿಯವರು ಎಲ್ಲರನ್ನೂ ಕರೆಯುವಂತೆಯೇ ಕರೆದು ಹೇಳಿದರು. ಬೇರೆ ವಿಳಾಸದಿಂದ ಕಳಿಸೋಣವೆಂದರೆ, ವಿಳಾಸ ಬದಲಾಯಿಸಲು ಹಳೆಯ ವಿಳಾಸದಿಂದಲೇ ಇಮೇಲ್ ಬರಬೇಕಂತೆ! ಇದನ್ನು ಕೇಳಿ ಸುಧಾ, "ಹಾಲ್ ಹೋದ್ರ ನಾನು ಅತ್ತೇಬಿಡ್ತೀನಿ ನೋಡ್ರಿ," ಎಂದರು. ನಗುತ್ತಲೇ ಅಂದರು, ಆದರೆ ಕಣ್ಣು ನಗುತ್ತಿರಲಿಲ್ಲ.

ಸರ್ವರ್‌ನ ದಿನಚರಿಯಾದ ಲಾಗ್ ತೆರೆದೆ. ಪ್ರತಿ ಪ್ರಯತ್ನದ ಮುಂದೆಯೂ ಒಂದೇ ಉತ್ತರ: 451, ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಇದಕ್ಕೆ ಗ್ರೇಲಿಸ್ಟಿಂಗ್ ಎನ್ನುತ್ತಾರೆ. ಪರಿಚಯವಿಲ್ಲದ ಸರ್ವರ್ ಮೊದಲ ಸಲ ಬಂದಾಗ ಬೇಕೆಂದೇ ವಾಪಸ್ ಕಳಿಸುವುದು. ಸ್ಪ್ಯಾಮ್ ಕಳಿಸುವವರಿಗೆ ಮತ್ತೆ ಬರುವ ತಾಳ್ಮೆ ಇರುವುದಿಲ್ಲ, ಸಭ್ಯ ಸರ್ವರ್ ಮತ್ತೆ ಬರುತ್ತದೆ, ಆಗ ಒಳಗೆ ಬಿಡುವುದು. ನಮ್ಮದು ಸಭ್ಯವೇ. ಮತ್ತೆ ಮತ್ತೆ ಹೋಗುತ್ತಿತ್ತು, ಮತ್ತೆ ಮತ್ತೆ 451 ತಿಂದು ಬರುತ್ತಿತ್ತು. ನಮ್ಮ ಸರ್ವರ್‌ನ ಗುರುತು ಹೇಳುವ ಡಿಎನ್‌ಎಸ್ ದಾಖಲೆಗಳು ಸರಿ, ಕಪ್ಪುಪಟ್ಟಿಯಲ್ಲಿ ಹೆಸರಿಲ್ಲ, ಪರೀಕ್ಷೆಗಳೆಲ್ಲ ಹಸಿರು. ಉಳಿದವರಿಗೆಲ್ಲ ಪತ್ರ ಸಲೀಸಾಗಿ ಹೋಗುತ್ತಿತ್ತು. ನನ್ನ ತಲೆ ಕೆಟ್ಟು ಹೋಯಿತು.

ಸೋಮವಾರ ಬ್ಯಾಂಕ್ ಹಾಲಿಡೇ, ದೇಶಕ್ಕೆಲ್ಲ ರಜೆ. ತಾಲೀಮು ನಮ್ಮ ಮನೆಯಲ್ಲೇ, ಊಟಕ್ಕೆ ಹೋಳಿಗೆ. ನಾಟಕದ ಅಜ್ಜನ ಪಾತ್ರದ ರಾಯರು ಮೈಸೂರಿನವರು, ನಿವೃತ್ತ ಅರಿವಳಿಕೆ ತಜ್ಞರು, ಉಪಚಾರದಲ್ಲಿ ಹಳೆಯ ಕಾಲದವರು. ವಸಂತಾ ತಟ್ಟೆ ಹಿಡಿದು ಬಂದಳು.

"ಇನ್ನೊಂದು ಹಾಕ್ಲಾ?"

"ಬೇಡಮ್ಮ, ಸಾಕು."

ಸ್ವಲ್ಪ ಹೊತ್ತಿಗೆ ಮಗಳು ಅನು ಬಂದು, "ಅಂಕಲ್, ಒನ್ ಮೋರ್?" ಎಂದಳು. ಬೇಡ ಪುಟ್ಟಿ ಎಂದರು. ಆಮೇಲೆ ನಾನು ಹೋದೆ. ಬೇಡಪ್ಪ ಎಂದರು. ಆದರೆ ತಟ್ಟೆ ಅಡುಗೆಮನೆಗೆ ಹೊರಟಾಗ ಅವರ ಕಣ್ಣು ಅದರ ಹಿಂದೆಯೇ ಹೊರಟಿತು.

ಎದುರಿಗೆ ಕೂತಿದ್ದ ಅವರ ಹೆಂಡತಿ ಜೋರಾಗಿ ನಕ್ಕರು. "ಒಂದ್ಸಲ ಕೇಳಿದೋರೇ ಇನ್ನೊಂದ್ಸಲ ಬಂದು ಕೇಳ್ಬೇಕು. ನೀವು ಸರದಿ ಮೇಲೆ ಬಂದ್ರೆ, ಇವ್ರು ಎಲ್ಲರಿಗೂ ಮೊದಲ್ನೇ ಸಲದ 'ಬೇಡ'ನೇ ಹೇಳ್ತಾ ಕೂತಿರ್ತಾರೆ!"

ಆಗಷ್ಟೇ ಊಟಕ್ಕೆ ಕೂತಿದ್ದ ನಾನು ಎಂಜಲು ಕೈಯಲ್ಲೇ ಎದ್ದುಬಿಟ್ಟೆ.

ನಮ್ಮ ಮನೆಯ ಬ್ರಾಡ್‌ಬ್ಯಾಂಡ್‌ಗೆ ಐದು ಐಪಿ ವಿಳಾಸಗಳಿದ್ದವು. ಅಂತರ್ಜಾಲದಲ್ಲಿ ಐಪಿ ಎಂದರೆ ಸರ್ವರ್‌ನ ಮುಖ. ಹಿಂದಿನ ತಿಂಗಳು ಬಂದ ಹೊಸ ರೂಟರ್, ಹೊರಗೆ ಹೋಗುವ ಪ್ರತಿ ಸಂಪರ್ಕವನ್ನೂ ಆ ಐದರ ಮೇಲೆ ಸರದಿಯಂತೆ ಹಂಚುತ್ತಿತ್ತು. ಅಂದರೆ ನಮ್ಮ ಪತ್ರ ಪ್ರತಿ ಸಲವೂ ಹೊಸ ಮುಖ ಹೊತ್ತು ಹೋಗುತ್ತಿತ್ತು, ಹಾಲ್‌ನವರ ಸರ್ವರ್ ಪ್ರತಿ ಸಲವೂ ಅದನ್ನು ಮೊದಲ ಭೇಟಿ ಎಂದೇ ಲೆಕ್ಕ ಹಾಕುತ್ತಿತ್ತು. ಮೊದಲ ಮುಖದ ಸರದಿ ಮತ್ತೆ ಬರುವ ಹೊತ್ತಿಗೆ ಅದನ್ನು ಮರೆತೂ ಬಿಟ್ಟಿರುತ್ತಿತ್ತು. ನನ್ನ ಲಾಗ್‌ನಲ್ಲಿ ಇದು ಕಾಣುವಂತೆಯೇ ಇರಲಿಲ್ಲ. ಅದು ಯಾರ ಮನೆಗೆ ಹೋದೆ ಎಂದು ಬರೆಯುತ್ತದೆ, ಯಾವ ಮುಖದಲ್ಲಿ ಹೋದೆ ಎಂದು ಬರೆಯುವುದಿಲ್ಲ.

ಕೈ ತೊಳೆದು ರೂಟರ್‌ಗೆ ಹೇಳಿದೆ: ಮೇಲ್ ಸರ್ವರ್‌ಗೆ ಇನ್ನು ಮೇಲೆ ಒಂದೇ ವಿಳಾಸ. ಪತ್ರವನ್ನು ಮತ್ತೆ ಹೊರಡಿಸಿದೆ. 451. ಬರಲಿ ಬಿಡು ಎಂದು ಕಾದೆ. ಊಟ ಬಿಟ್ಟು ಬಂದವರೆಲ್ಲ ಮೆಟ್ಟಿಲ ಬಳಿ ನನ್ನ ಬೆನ್ನ ಹಿಂದೆ ಕಿಕ್ಕಿರಿದಿದ್ದರು. ಸರ್ವರ್ ಎರಡನೇ ಸಲ ಹೋಯಿತು. 250. ಹಾಗೆಂದರೆ ಸ್ವೀಕರಿಸಿದ್ದೇವೆ ಎಂದರ್ಥ.

"ಹೋತೇನ್ರಿ?" ಎಂದರು ಸುಧಾ.

"ಹೋಯ್ತು!"

ಆ ಕೇಕೆ ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ಸಂತೋಷ ನನಗೆ ಯಾವ ಬಡ್ತಿಯಲ್ಲೂ ಆಗಿರಲಿಲ್ಲ. ಅತ್ತ ವಸಂತಾ ಎರಡನೇ ಸಲ ಕೇಳಿ, ರಾಯರ ಎಲೆಗೆ ಎರಡು ಹೋಳಿಗೆ ಹಾಕಿ ಬಂದಿದ್ದಳು.

ಮಂಗಳವಾರ ಬೆಳಿಗ್ಗೆ ಲಿಂಡಾ ಅವರಿಂದ ಉತ್ತರ ಬಂತು: ಹಾಲ್ ನಿಮ್ಮದೇ.

ತುಂಬಿದ ಹಾಲ್‌ನಲ್ಲಿ ನಾಟಕ ನಡೆಯಿತು. ಬೀಗದ ಕೈ ಹಿಡಿದು ಬಂದಿದ್ದ ಲಿಂಡಾ ಭಾಷೆ ಬಾರದಿದ್ದರೂ ಕೊನೆಯವರೆಗೂ ಕೂತು ನಕ್ಕರು. ಮುಗಿದ ಮೇಲೆ ವಸಂತಾ ಹೋಳಿಗೆ ಕೊಡಲು ಹೋದರೆ, "ಓ ನೋ, ಐ ಕುಡಂಟ್," ಎಂದರು. ವಸಂತಾ ತಟ್ಟೆ ಹಿಡಿದು ವಾಪಸ್ ಬಂದಳು. ಈ ಸಲ ತಾನು ಕೇಳಿ ಬರುತ್ತೇನೆಂದು ಅನು ತಟ್ಟೆಗೆ ಕೈ ಚಾಚಿದಳು.

ನಾನು ತಡೆದೆ. ಮೊದಲ ಸಲ ಬೇಡವೆಂದವರೆಲ್ಲ ನಿಜವಾಗಿ ಬೇಡವೆಂದವರಲ್ಲ, ಹೋದ ಮುಖವೇ ಮತ್ತೆ ಹೋಗಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದೂ ಊಟದ ಮನೆಯಲ್ಲಿ.

"ನೀನೇ ಹೋಗು," ಎಂದೆ ವಸಂತಾಳಿಗೆ.

ಲಿಂಡಾ ಈ ಸಲ ತಟ್ಟೆಯನ್ನೇ ತೆಗೆದುಕೊಂಡರು.