ಎರಡನೆಯ ಮಹಡಿಯವರೆಗೆ

ನಾನು ಕೆಲಸ ಮಾಡಿದ್ದು ದೆಹಲಿಯ ಚಾಣಕ್ಯಪುರಿಯಲ್ಲಿ, ಒಂದು ಸಣ್ಣ ದೇಶದ ರಾಯಭಾರ ಕಚೇರಿಯ ಟಪಾಲು ವಿಭಾಗದಲ್ಲಿ. ಆ ದೇಶವನ್ನು ನಾನು ನೋಡಿದ್ದು ಕಚೇರಿಯ ಕ್ಯಾಲೆಂಡರಿನಲ್ಲಿ ಮಾತ್ರ. ಸಂಬಳ ರೂಪಾಯಿಯಲ್ಲಿ ಬರುತ್ತಿತ್ತು. ನಿವೃತ್ತಿಯ ಹಣ ಮಾತ್ರ ಅವರ ಕರೆನ್ಸಿಯಲ್ಲಿ, ಅವರ ದೇಶದಲ್ಲೇ ಜಮೆಯಾಗುತ್ತಿತ್ತು. ವಿದೇಶಿ ಹಣವೆಂದು ನಮಗೆ ಹೆಮ್ಮೆಯಿತ್ತು. ಹೆಂಡತಿ ಆ ದೇಶವನ್ನು ‘ನಿಮ್ಮ ದೇಶ’ ಎಂದೇ ಕರೆಯುತ್ತಿದ್ದಳು.

ನಮ್ಮ ಮನೆ ಮುನಿರ್ಕಾದಲ್ಲಿ, ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಹೆಂಡತಿಯ ಮಂಡಿಗಳು ನನಗಿಂತ ಮೊದಲೇ ನಿವೃತ್ತವಾದವು. ಹಿಡಿದುಕೊಳ್ಳಲು ಏನೂ ಇಲ್ಲದ ಆ ಮೆಟ್ಟಿಲುಗಳನ್ನು ಇಳಿಯಲು ಹೆದರಿ, ತರಕಾರಿ ಗಾಡಿಯ ಭಯ್ಯಾನಿಗೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಿದ್ದಳು. ಅವನು ತುಂಬಿ ಕಳಿಸಿದ ಟೊಮೆಟೊ ಒಂದು ದಿನವೂ ಸರಿಯಿರುತ್ತಿರಲಿಲ್ಲ.

ನೆಲಮಹಡಿಯ ಪಂಜಾಬಿ ಆಂಟಿ ತಮ್ಮ ಮನೆ ಮಾರುವವರಿದ್ದರು. ನಮ್ಮದನ್ನು ಮಾರಿ, ನನ್ನ ನಿವೃತ್ತಿಯ ಹಣ ಸೇರಿಸಿದರೆ ಅದನ್ನು ಕೊಳ್ಳಬಹುದಿತ್ತು. ಹಣ ಬರುವವರೆಗೆ ಕಾಯುವುದಾಗಿ ಹೇಳಿದರು.

ನಾನು ಐದಕ್ಕೆ ಏಳುವವನು. ವಾಕಿಂಗ್, ಸ್ನಾನ, ಕಾಫಿ. ಆಮೇಲೆ ಫೋನಿನಲ್ಲಿ ಆ ಕರೆನ್ಸಿಯ ದರ ನೋಡುವುದು, ಅದಾದ ಮೇಲೆ ಬಿ.ಪಿ. ನೋಡಿಕೊಳ್ಳುವುದು. ದರ ದಿನಾ ಇಳಿಯುತ್ತಿತ್ತು, ಬಿ.ಪಿ. ಏರುತ್ತಿತ್ತು. ಕೆಲವು ವಾರಗಳಾದ ಮೇಲೆ ಬಿ.ಪಿ.ಯನ್ನು ಮೊದಲು ನೋಡುವ ಕ್ರಮ ಇಟ್ಟುಕೊಂಡೆ.

ಕಚೇರಿಯಲ್ಲಿ ವಿಚಾರಿಸಿದರೆ, ಹಣ ಕಳಿಸಲು ಅವರ ರಾಜಧಾನಿಯಿಂದ ಅನುಮತಿ ಬರಬೇಕು ಎನ್ನುತ್ತಿದ್ದರು. ಅಲ್ಲಿಂದ ಬಂದದ್ದು ಬೇರೆ ಸುದ್ದಿ. ನೋಟಿನ ಮೇಲೆ ಸೊನ್ನೆಗಳಿಗೆ ಜಾಗ ಸಾಲದೆ, ಸರ್ಕಾರ ಮೂರು ಸೊನ್ನೆ ತೆಗೆದುಹಾಕಿತ್ತು. ಹಳೆಯ ಸಾವಿರ ಇನ್ನು ಹೊಸ ಒಂದು. ಇದರಿಂದ ಹೊಸ ನಷ್ಟವೇನಿಲ್ಲ, ನಷ್ಟ ಆಗಲೇ ಆಗಿ ಮುಗಿದಿದೆ ಎಂದು ಹೆಂಡತಿಗೆ ವಿವರಿಸಿದೆ.

“ತೆಗೆದ ಸೊನ್ನೆಗಳನ್ನ ಎಲ್ಲಿಟ್ರಂತೆ?” ಎಂದು ಕೇಳಿದಳು.

ಗೊತ್ತಿಲ್ಲ ಎಂದೆ.

“ವಿಚಾರಿಸ್ರೀ. ನಿಮ್ಮ ದೇಶ ಅಲ್ವಾ?”

ಕೊನೆಗೆ ಹಣ ಬಂತು. ಇದು ಮೊದಲನೆಯ ಕಂತೇ ಎಂದು ಬ್ಯಾಂಕಿನವರು ಕೇಳಿದರು. ಕೊನೆಯದು ಎಂದೆ. ಹಣ ಸಾಲದೆಂದು ಆಂಟಿಗೆ ನಾನೇ ಹೋಗಿ ತಿಳಿಸಿದೆ. ಅವರು ಅಚ್ಛಾ ಎಂದು ಚಹಾ ಕೊಟ್ಟರು. ಮನೆ ಬೇರೆಯವರ ಪಾಲಾಯಿತು.

ಬಂದ ಹಣದಲ್ಲಿ ಮೆಟ್ಟಿಲಿಗೆ ಕಬ್ಬಿಣದ ರೇಲಿಂಗ್ ಹಾಕಿಸಲು ನಿರ್ಧರಿಸಿದೆ. ವೆಲ್ಡಿಂಗಿನವನು ಕೆಳಗಿನಿಂದ ಕೆಲಸ ಶುರುಮಾಡಿದ. ಎರಡನೆಯ ಮಹಡಿ ತಲುಪುವಷ್ಟರಲ್ಲಿ ಹಣ ಮುಗಿಯಿತು. ಉಳಿದದ್ದನ್ನು ಮುಂದೆ ಕೈಯಿಂದ ಹಾಕಿ ಮಾಡಿಸೋಣ ಎಂದೆ.

ಹೆಂಡತಿ ಬಾಗಿಲಲ್ಲಿ ನಿಂತು ಬಗ್ಗಿ ನೋಡಿದಳು. “ಇರಲಿ ಬಿಡಿ. ನಿಮ್ಮ ದೇಶ ಎರಡನೇ ಮಹಡಿವರೆಗಾದ್ರೂ ಬಂತು.”

ಮರುದಿನ ಬೆಳಿಗ್ಗೆ ಮೇಲಿನ ಮೆಟ್ಟಿಲುಗಳನ್ನು ನನ್ನ ಭುಜ ಹಿಡಿದು, ಉಳಿದವನ್ನು ರೇಲಿಂಗ್ ಹಿಡಿದು ಇಳಿದಳು. ಗಾಡಿಯಲ್ಲಿದ್ದ ಟೊಮೆಟೊಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಬುಟ್ಟಿಯೇ ಚೆನ್ನಾಗಿತ್ತು ಎಂದು ಭಯ್ಯಾ ನನ್ನ ಕಿವಿಯಲ್ಲಿ ಹೇಳಿದ.