ಅಟ್ಟದ ಮೇಲಿನ ಹನ್ನೆರಡು ತಾಟು

ಕಳೆದ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿಕೊಂಡು, ಇನ್ನೂರು ಸ್ಟೀಲ್ ತಾಟುಗಳನ್ನು ಒಂದೊಂದಾಗಿ ಬೋರಲು ಹಾಕಿ ಓದುತ್ತಿದ್ದೆ.

ಹೌದು, ಓದುತ್ತಿದ್ದೆ. ತೊಳೆಯುತ್ತಿರಲಿಲ್ಲ.

ನಮ್ಮ ಕಡೆ ಪಾತ್ರೆಗಳನ್ನು ಓದಬಹುದು ಎಂಬುದು ನಿಮಗೂ ಗೊತ್ತು. ಆಯೇರಿಗೆಂದು ತಾಟು, ತಂಬಿಗೆ ಏನೇ ಕೊಂಡರೂ ಅಂಗಡಿಯವನು ಗುಂಯ್‌ಗುಡುವ ಆ ಸಣ್ಣ ಮಷಿನ್ ಹಿಡಿದು ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು ಕೊರೆದುಕೊಡುತ್ತಾನೆ. ಹೆಸರಿಲ್ಲದ ಉಡುಗೊರೆ ಉಡುಗೊರೆಯೇ ಅಲ್ಲ. ಹಾಗಾಗಿ ಒಂದು ತಾಟಿನ ಹಿಂದೆ ಯಾರದೋ ಗೃಹಪ್ರವೇಶ, ಇನ್ನೊಂದರ ಹಿಂದೆ ಯಾರದೋ ನಿವೃತ್ತಿ. ಒಂದರಲ್ಲಿ 'ಶುಭ ವಿವಾಹ'ದ 'ಶುಭ' ಸವೆದುಹೋಗಿ ಬರೀ 'ವಿವಾಹ' ಉಳಿದಿತ್ತು. (ಆ ದಂಪತಿ ನಮ್ಮ ಓಣಿಯವರೇ. ಹೆಸರು ಹೇಳುವುದಿಲ್ಲ.)

ನಾನು ಹುಡುಕುತ್ತಿದ್ದುದು ಒಂದೇ ಒಂದು ಹೆಸರನ್ನು. ಹನ್ನೆರಡು ತಾಟುಗಳ ಬೆನ್ನ ಮೇಲಿದ್ದ ಹೆಸರು. ಊಟದ ಹೊತ್ತಿನೊಳಗೆ ಆ ಹನ್ನೆರಡೂ ಸಿಗದಿದ್ದರೆ ನನ್ನ ಹೆಂಡತಿಗೆ ತವರು ತಪ್ಪುತ್ತದೆ, ತಪ್ಪಿಸಿದ ಪುಣ್ಯಾತ್ಮ ನಾನೇ ಆಗುತ್ತೇನೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಹಾವೇರಿಯ ನಮ್ಮ ಓಣಿಯಲ್ಲಿ ನೀಲಕ್ಕ ಅಂತ ಇದ್ದಾರೆ. ರಿಟೈರ್ಡ್ ಟೀಚರ್. ನಿವೃತ್ತಿಯಾಗಿದ್ದು ಸಾಲೆಯಿಂದ ಮಾತ್ರ, ಗದರುವುದರಿಂದ ಅಲ್ಲ. ಈ ವರ್ಷ ಓಣಿಯಲ್ಲಿ ಒಂದು ನಾಮಕರಣದ ಊಟವಾಯಿತು. ಮರುದಿನ ನೋಡಿದರೆ ಗಟಾರದ ತುಂಬ ಪ್ಲಾಸ್ಟಿಕ್ ಹೊದ್ದ ಕಾಗದದ ತಾಟುಗಳು, ಲೋಟಗಳು. ಗಟಾರ ಕಟ್ಟಿ ನೀರು ನೀಲಕ್ಕನ ಅಂಗಳಕ್ಕೆ ನುಗ್ಗಿತು. ಅವರು ಸೆರಗು ಸಿಕ್ಕಿಸಿಕೊಂಡು ಕೋಲು ಹಿಡಿದು ತಾವೇ ಗಟಾರ ಬಿಡಿಸಿದರು. ಆಮೇಲೆ ಮನೆ ಮನೆಗೆ ಬಂದರು.

"ನಿಮ್ಮ ಅಟ್ಟದ ಮ್ಯಾಲ ಎಷ್ಟು ಸ್ಟೀಲ್ ತಾಟು ಅದಾವು? ಖರೇ ಹೇಳ್ರಿ."

ಯಾರಿಗೂ ಲೆಕ್ಕ ಗೊತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಇದ್ದವು. ಇದೆಂಥ ವಿಚಿತ್ರ ನೋಡಿ. ಅಟ್ಟದ ಮೇಲೆ ಸ್ಟೀಲು, ಅಟ್ಟದ ಕೆಳಗೆ ಪ್ಲಾಸ್ಟಿಕ್ಕು! ಮೇಲಿನದನ್ನು ಇಳಿಸಲು ಬೇಸರ, ಕೆಳಗಿನದನ್ನು ಎಸೆಯಲು ಗಟಾರ. ಹೀಗೆ ಹುಟ್ಟಿದ್ದು ನಮ್ಮ 'ತಾಟಿನ ಬ್ಯಾಂಕ್'. ಮನೆಗೊಂದು ಡಜನ್ ಕೊಡುವುದು. ಎಲ್ಲ ಸೇರಿ ನೀಲಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಇರುವುದು. ಯಾರ ಮನೆಯಲ್ಲಿ ಫಂಕ್ಷನ್ ಇದ್ದರೂ ಒಯ್ಯುವುದು, ತಿಕ್ಕಿ ತೊಳೆದು ತಂದಿಡುವುದು. ಗುರುತಿಗೆ ಪ್ರತಿಯೊಂದರ ಹಿಂದೆ ಕೆಂಪು ನೇಲ್ ಪಾಲಿಶ್‌ನ ಒಂದು ಬೊಟ್ಟು. ಅಷ್ಟೇ.

ಇಂಥ ಕೆಲಸ ಅಂದರೆ ನನಗೆ ಎಲ್ಲಿಲ್ಲದ ಉಮೇದು. ನೀಲಕ್ಕ ಬಂದ ದಿನ ನನ್ನ ಹೆಂಡತಿ ಶಾರದಾ ಮನೆಯಲ್ಲಿರಲಿಲ್ಲ, ರಾಣೆಬೆನ್ನೂರಿನಲ್ಲಿ ಮಗಳು ಮೇಘಾಳ ಮನೆಗೆ ಹೋಗಿದ್ದಳು. ಕೇಳಿ ಕೊಡೋಣ ಅಂತ ಒಂದು ಕ್ಷಣವಾದರೂ ಅನ್ನಿಸಿತಾ? ಇಲ್ಲ. ಸೀದಾ ಅಟ್ಟ ಹತ್ತಿದೆ. ಮೂಲೆಯಲ್ಲಿ ಬಿಳಿ ಅರಿವೆಯಲ್ಲಿ ಕಟ್ಟಿದ ಒಂದು ಗಂಟಿತ್ತು. ಒತ್ತಿ ನೋಡಿದೆ, ತಾಟುಗಳು. ಅರಿವೆಯ ಮೇಲಿಂದಲೇ ಅಂಚು ಮುಟ್ಟಿ ಎಣಿಸಿದೆ, ಸರಿಯಾಗಿ ಹನ್ನೆರಡು. ಗಂಟು ಬಿಚ್ಚದೆ ಹಾಗೆಯೇ ನೀಲಕ್ಕನ ಕೈಗಿಟ್ಟೆ. ಓಣಿಯಲ್ಲಿ ಮೊದಲು ಕೊಟ್ಟವನು ನಾನೇ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಕೂಡ ಬಂತು. ಫೋಟೋದಲ್ಲಿ ನಾನು ಚೆನ್ನಾಗಿ ಬಂದಿದ್ದೆ. (ಶಾರದಾ ಆ ಗ್ರೂಪಿನಲ್ಲಿಲ್ಲ.)

ಎರಡು ತಿಂಗಳು ಕಳೆದವು. ಮೇಘಾಳ ಕುಬಸ ನಮ್ಮ ಮನೆಯಲ್ಲಿ ಮಾಡುವುದೆಂದಾಯಿತು. ಬಸುರಿ ಮಗಳಿಗೆ ತವರಿನವರು ಮಾಡುವ ಕಾರ್ಯ, ನೂರೈವತ್ತು ಜನರ ಊಟ. ಬ್ಯಾಂಕಿನ ತಾಟುಗಳನ್ನೇ ತರುವುದು ಎಂದು ನಾನೇ ಘೋಷಿಸಿದೆ. ಶನಿವಾರ ಸಂಜೆ ಅಷ್ಟೂ ತಾಟು ಮನೆಗೆ ಬಂದವು. ಅವನ್ನು ನೋಡುತ್ತ ಶಾರದಾ ಹೆಮ್ಮೆಯಿಂದ ಒಂದು ಮಾತು ಹೇಳಿದಳು.

"ನಾಳೆ ಮಾಮಾ ಬರತಾರ. ಅವರು ನನ್ನ ಲಗ್ನಕ್ಕ ಕೊಟ್ಟ ತಾಟು ಇವತ್ತಿಗೂ ಅಟ್ಟದ ಮ್ಯಾಲ ಹೊಸಾವು ಇದ್ದಂಗ ಅದಾವು ನೋಡ್ರಿ. ಬಿಳಿ ಅರಿವ್ಯಾಗ ಕಟ್ಟಿ ಇಟ್ಟೇನಿ."

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ನಾನು ಅದಕ್ಕೂ ಮೊದಲೇ ತಣ್ಣಗಾಗಿದ್ದೆ.

ಈ ಮಾಮಾ ಯಾರು ಅಂತ ಹೇಳಬೇಕು. ಚನ್ನಬಸಪ್ಪ ಮಾವ, ಶಾರದಾಳ ಸೋದರಮಾವ, ಬ್ಯಾಡಗಿಯವರು. ಅವಳಿಗೆ ತಂದೆ ಇರಲಿಲ್ಲ. ಮಾವನೇ ಸಾಲೆಗೆ ಹಾಕಿದರು, ಮಾವನೇ ಧಾರೆ ಎರೆದರು. ಅವಳ ತವರು ಅಂದರೆ ಈಗ ಅವರೊಬ್ಬರೇ. ಇಡೀ ಆಯುಷ್ಯ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ತೂಗಿಸಿ ಬದುಕಿದವರು. ಚೀಲದ ಮೇಲಿನ ಗುರುತು ಓದಿ ಓದಿ ಅವರಿಗೊಂದು ರೂಢಿ ಬಿದ್ದಿದೆ. ಕೈಗೆ ಏನೇ ಬಂದರೂ ತಿರುಗಿಸಿ ಓದುತ್ತಾರೆ. ಬಿಸ್ಕೀಟಿನ ಪುಡಿಕೆ, ಬಸ್ಸಿನ ಟಿಕೆಟು, ಔಷಧಿ ಬಾಟಲಿ. ತಾಟು ಬಿಡುತ್ತಾರೆಯೇ?

ಇನ್ನು ಅವರ ಸಿಟ್ಟು. ಒಂದು ಮದುವೆಯಲ್ಲಿ ತಾವು ಕೊಟ್ಟ ಸೀರೆಯನ್ನು ಬೀಗರು ಅಲ್ಲೇ ಇನ್ನೊಬ್ಬರಿಗೆ ದಾಟಿಸಿದ್ದನ್ನು ನೋಡಿ, ಆ ಮನೆಯ ಹೊಸ್ತಿಲನ್ನು ಇವತ್ತಿಗೂ ತುಳಿದಿಲ್ಲ. ಅದು ಬರೀ ಸೀರೆ. ಇವು ಮಗಳಂತೆ ಸಾಕಿದವಳಿಗೆ ಕೊಟ್ಟ ತಾಟುಗಳು. ಅವುಗಳ ಬೆನ್ನಿಗೆ ಈಗ ನೇಲ್ ಪಾಲಿಶ್ ಬೊಟ್ಟು!

ಶಾರದಾಳಿಗೆ ಅಂದೇ ಹೇಳಿಬಿಡಬಹುದಿತ್ತಲ್ಲ ಅನ್ನುತ್ತೀರಿ. ಹೇಳುವುದು ಸುಲಭವಲ್ಲ ಸ್ವಾಮಿ. ಮನೆ ತುಂಬ ನೆಂಟರು, ಒಲೆಯ ಮೇಲೆ ಹೂರಣ. ನಾನು ಹೇಡಿಯ ದಾರಿ ಹಿಡಿದೆ. ಮುಂಜಾನೆ ಬೇಗ ಎದ್ದು ಆ ಹನ್ನೆರಡನ್ನು ಆರಿಸಿ, ಸದ್ದಿಲ್ಲದೆ ಮತ್ತೆ ಅಟ್ಟಕ್ಕೆ ಸೇರಿಸುವುದು.

ಓದುತ್ತಾ ಕೂತಿದ್ದಾಗ ಶಾರದಾ ಹಿತ್ತಲಿಗೆ ಬಂದಳು.

"ಏನ್ ಮಾಡಾಕತ್ತೀರಿ?"

"ತಾಟು ಸ್ವಚ್ಛ ಅದಾವೋ ಇಲ್ಲೋ ನೋಡಾಕತ್ತೇನಿ."

"ಅಯ್ಯ ನಮ್ಮಪ್ಪಾ! ಕುಡದ ಲೋಟ ಎತ್ತಿಡದವರು ಇವತ್ತ ತಾಟು ನೋಡಾಕತ್ತೀರಿ?" ಎಂದು ನಗುತ್ತ ಹೋದಳು. ಆ ನಗು ಮಧ್ಯಾಹ್ನದವರೆಗೆ ಉಳಿದರೆ ಸಾಕು ಅಂದುಕೊಂಡೆ.

ಹನ್ನೊಂದು ಸಿಕ್ಕವು. 'ಚಿ. ಸೌ. ಶಾರದಾಳಿಗೆ ಸೋದರಮಾವನ ಆಶೀರ್ವಾದ, ಬ್ಯಾಡಗಿ.' ಚುಕ್ಕಿ ಅಕ್ಷರಗಳು ನಿನ್ನೆ ಕೊರೆದಂತಿದ್ದವು. ಹನ್ನೆರಡನೆಯದು ಇಲ್ಲ. ಎರಡೆರಡು ಸಲ ನೋಡಿದೆ, ಇಲ್ಲವೇ ಇಲ್ಲ. ಹನ್ನೊಂದನ್ನು ಟವೆಲ್ಲಿನಲ್ಲಿ ಸುತ್ತಿ ಅಟ್ಟ ಹತ್ತಿ ಇಟ್ಟು ಬಂದೆ. (ನನಗೆ ಐವತ್ತೆಂಟು, ನನ್ನ ಮೊಣಕಾಲಿಗೆ ಎಪ್ಪತ್ತು.) ಉಳಿದದ್ದು ಯಾರದೋ ಮನೆಯಲ್ಲಿ ಹಿಂದೆ ಬಿದ್ದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹನ್ನೊಂದು ಗಂಟೆಗೆ ಮಾವ ಬಂದರು. ಬಿಳಿ ಧೋತರ, ಟೋಪಿಗೆ ಬದಲು ಪಟಗ, ಕೈಯಲ್ಲಿ ಮೇಘಾಳಿಗೆ ಹಸಿರು ಸೀರೆ. ಹೆಂಗಸರು ಮಗಳಿಗೆ ಉಡಿ ತುಂಬಿದರು, ಹಾಡು ಹೇಳಿದರು. ಎಲ್ಲ ಸುರಳೀತ. ಇನ್ನೇನು ಪಂಕ್ತಿ ಹಾಕಬೇಕು, ಮಾವ ಎದ್ದು ಅಡುಗೆಮನೆಯತ್ತ ನಡೆದರು. ಊಟಕ್ಕೆ ಮುಂಚೆ ಸಾರಿನ ಪಾತ್ರೆ ತೆರೆದು ವಾಸನೆ ನೋಡುವುದು ಅವರ ಇನ್ನೊಂದು ರೂಢಿ. ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದಾರೋ ಬೇರೆ ಯಾವುದೋ ಎಂದು ಮೂಗಿನಲ್ಲೇ ಹೇಳುತ್ತಾರೆ.

ಕಟ್ಟಿನ ಸಾರಿನ ಪಾತ್ರೆಗೆ ಅಡುಗೆಯ ಬಸಮ್ಮ ಒಂದು ತಾಟು ಮುಚ್ಚಿದ್ದಳು. ಅವಳು ಪಕ್ಕದ ಅಗಡಿ ಊರಿನಿಂದ ನಸುಕಿನಲ್ಲೇ ಬಂದು ಕೆಲಸ ಹಿಡಿದವಳು. ಕೈಗೆ ಸಿಕ್ಕ ತಾಟು ತೆಗೆದುಕೊಂಡಿದ್ದಾಳೆ. ನಾನು ಎಣಿಸಲು ಕೂರುವ ಮೊದಲೇ.

ಮಾವ ತಾಟು ಎತ್ತಿದರು. ಸಾರಿನ ವಾಸನೆ ನೋಡಲಿಲ್ಲ. ತಾಟು ತಿರುಗಿಸಿದರು. ಹಬೆಯನ್ನು ಧೋತರದ ತುದಿಯಿಂದ ಒರೆಸಿದರು. ಕನ್ನಡಕ ಹಾಕಿಕೊಂಡರು. ಓದಿದರು.

"ಶಾರವ್ವಾ, ಇಲ್ಲಿ ಬಾ."

ಅವಳು ಬಂದಳು. ಅವರು ತಾಟನ್ನು ಅವಳ ಮುಂದೆ ಹಿಡಿದರು. ಅವಳು ಹೆಸರು ಓದಿದಳು, ಕೆಂಪು ಬೊಟ್ಟು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅಂಥ ನೋಟ ನಾನು ಕಂಡಿರಲಿಲ್ಲ.

"ನಂದ ತಪ್ಪು ಮಾವಾರ," ಅಂದೆ. "ಓಣ್ಯಾಗ ತಾಟಿನ ಬ್ಯಾಂಕ್ ಮಾಡೇವಿ. ನಾನ ಕೊಟ್ಟೆ. ಶಾರದಾಗ ಗೊತ್ತ ಇಲ್ಲ."

ಶಾರದಾಳ ಕಣ್ಣು ತುಂಬಿ ಬಂತು. "ಮಾಮಾ, ನಿಮ್ಮಾಣಿ, ನಾ ಕೊಟ್ಟಿಲ್ಲರಿ. ನಾ ಅವನ್ನ ಅರಿವ್ಯಾಗ ಕಟ್ಟಿ ಅಟ್ಟದ ಮ್ಯಾಲ ಇಟ್ಟಿದ್ದೆ. ಒಂದ ಗೀರು ಬೀಳಗೊಟ್ಟಿಲ್ಲ. ಒಂದ ದಿನಾನೂ ಬಳಸಿಲ್ಲ."

"ಒಂದ ದಿನಾನೂ?"

"ಇಲ್ರೀ ಮಾಮಾ."

ಮಾವ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಬೈಗುಳ ಬರಲಿಲ್ಲ.

"ನಿಮ್ಮನಿಗೆ ಬಂದಾಗೊಮ್ಮೆ ನಾ ತಾಟು ಡಬ್ಬ ಹಾಕಿ ನೋಡತಿದ್ನೆವ್ವಾ," ಅಂದರು. ದನಿ ಸಣ್ಣದಾಗಿತ್ತು. "ಊರ ಮಂದಿ ಹೆಸರೆಲ್ಲಾ ಬರತಿದ್ದುವು. ನಂದು ಬರತಿದ್ದಿಲ್ಲ. ನೌಕರಿ ಮಂದಿ ಮನಿ, ನಮ್ಮ ತಾಟು ಇವರಿಗೆ ಪಸಂದ ಆಗಿಲ್ಲ, ಹಳೇ ಸಾಮಾನದ ಮೋಡಕಾದಾಂವಗ ಹಾಕ್ಯಾರ ಅಂತ ತಿಳಕೊಂಡು ಸುಮ್ನಾದೆ. ಕೇಳೂದು ಹೆಂಗ?"

ಶಾರದಾ ಅವರ ಕಾಲ ಹತ್ತಿರ ಕೂತುಬಿಟ್ಟಳು. ತವರಿನದೆಂದು ಮುಟ್ಟದೆ ಕಾಪಾಡಿದ್ದಳು. ಅವರು ಅದನ್ನೇ ತಿರಸ್ಕಾರ ಅಂದುಕೊಂಡು ಇಷ್ಟು ವರ್ಷ ನುಂಗಿಕೊಂಡಿದ್ದರು. ಇಬ್ಬರಲ್ಲೂ ಪ್ರೀತಿಗೇನು ಕೊರತೆಯಿತ್ತು?

"ಅಳಬ್ಯಾಡ ಏಳು," ಅಂದರು ಮಾವ, ಅವಳ ತಲೆಯ ಮೇಲೆ ಕೈಯಿಟ್ಟು. "ಇವತ್ತ ಸಾರನ್ನರ ಮುಚ್ಚೇತಲ್ಲ. ಕೆಲಸಕ್ಕ ಬಂತು. ನನಗ ಇದರಾಗ ಹಾಕು ಊಟ." ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯಂದ್ರ, ಉಳದ ಹನ್ನೊಂದು ಎಲ್ಲಿ ಅದಾವು?"

ಬೆರಳು ಮೇಲೆ ಮಾಡಿದೆ.

"ಅಟ್ಟದ ಮ್ಯಾಲ? ಮತ್ತ?"

ಮೊದಲು ನಕ್ಕವಳು ಬಸಮ್ಮ. ಆಮೇಲೆ ಮಾವ. ಕೊನೆಗೆ ಕಣ್ಣೊರೆಸಿಕೊಳ್ಳುತ್ತಲೇ ಶಾರದಾ. ಅವಳು ನಕ್ಕಿದ್ದು ನೋಡಿ ನನಗಾದ ನಿರಾಳ ಎಂಥದ್ದು ಅಂದರೆ, ಮೊಣಕಾಲಿನ ನೋವು ಮರೆತು ಎರಡೆರಡು ಮೆಟ್ಟಿಲು ಹತ್ತಿದೆ. ನೂರೈವತ್ತು ಜನರ ಎದುರು ಟವೆಲ್ಲಿನ ಗಂಟು ಹೊತ್ತು ಇಳಿದೆ. ಮಾನ ಹೋಯಿತು. ಹೋದರೆ ಹೋಗಲಿ, ಜೀವ ಹಗುರವಾಯಿತು.

ಮೇಘಾ ಹೋಳಿಗೆ ಉಂಡಿದ್ದು ಆ ಹನ್ನೊಂದರಲ್ಲಿ ಒಂದು ತಾಟಿನಲ್ಲಿ. ಮಾವ ಎರಡು ಸಲ ಸಾರು ಹಾಕಿಸಿಕೊಂಡರು.

ಬಚಾವಾದೆ ಅಂದುಕೊಂಡಿರಾ? ಸಂಜೆ ಎಲ್ಲರೂ ಹೋದ ಮೇಲೆ ಶಾರದಾ ಹೇಳಿದಳು. "ಕೊಟ್ಟಿದ್ದಕ್ಕ ಸಿಟ್ಟಿಲ್ಲ. ನನ್ನ ಒಂದ ಮಾತು ಕೇಳಬೇಕಿತ್ತು." ಸರಿಯಾದ ಮಾತು. ಪರಿಸರ ಉಳಿಸುವ ಹುರುಪಿನಲ್ಲಿ ಮನೆಯವರನ್ನೇ ಕೇಳದ ನನ್ನಂಥವರು ಬಹಳ ಜನ ಇದ್ದೇವೆ. ನಾನು ಕೈ ಮುಗಿದೆ. ಅವಳೇ ತೀರ್ಮಾನ ಕೊಟ್ಟಳು. ಹನ್ನೊಂದು ತಾಟು ಬ್ಯಾಂಕಿಗೆ, ಒಂದು ಅಡುಗೆಮನೆಗೆ, ದಿನಾ ತೊಳೆಯುವ ಸಾಲಿನಲ್ಲಿ.

ತಾಟುಗಳನ್ನು ಮರಳಿಸಲು ಹೋದಾಗ ಮೇಘಾಳೂ ಜೊತೆಗೆ ಬಂದಳು. ರಾಣೆಬೆನ್ನೂರಿನ ತಮ್ಮ ಓಣಿಯಲ್ಲೂ ಇಂಥದ್ದೊಂದು ಶುರು ಮಾಡಬೇಕಂತೆ. ಏನು ಮುಖ್ಯ ಅಂತ ನೀಲಕ್ಕನನ್ನು ಕೇಳಿದಳು.

"ಮಂದಿ ಸೊಟ್ಟಾಗಿದ್ದು, ತೂತು ಬಿದ್ದಿದ್ದು ತಂದ ಕೊಡತಾರ," ಅಂದರು ನೀಲಕ್ಕ. "ಛಲೋದನ್ನ ಇಳಸೂದ ತ್ರಾಸು."

ಅವರು ಹೇಳಿದ್ದು ಖರೆ. ನಾವು ಯಾವುದನ್ನೂ ಎಸೆಯುವ ಮಂದಿಯಲ್ಲ. ಆಯೇರಿಗೆ ಬಂದ ಕುಪ್ಪಸದ ಕಣ ಹತ್ತು ಮನೆ ಸುತ್ತಿ ನಮ್ಮ ಮನೆಗೇ ವಾಪಸು ಬಂದದ್ದು ಎಷ್ಟು ಸಲವಿಲ್ಲ? ಮರುಬಳಕೆ ನಮಗೆ ಯಾರೂ ಕಲಿಸಬೇಕಿಲ್ಲ. ನಮ್ಮ ತೊಡಕು ಬೇರೆ. ಪ್ರೀತಿಯ ವಸ್ತುವನ್ನು ಮೊದಲ ಸಲ ಬಳಸುವುದೇ ನಮಗೆ ಬಾರದು. ಬಳಸಿದರೆ ಸವೆಯುತ್ತದೆ ಎಂಬ ಭಯ. ಇಟ್ಟರೆ ಕೊಟ್ಟವರ ಮನಸ್ಸು ಸವೆಯುತ್ತದೆ ಎಂಬುದು ನನಗೆ ತಿಳಿದದ್ದು ಆ ಭಾನುವಾರ.

ಹೇಳಿ, ನಿಮ್ಮ ಅಟ್ಟದ ಮೇಲೆ ಯಾರ ಹೆಸರು ಊಟವಿಲ್ಲದೆ ಕೂತಿದೆ?